ಹದಿನಾಲ್ಕನೇ ಸೀಟಿನವನನ್ನು ಯಾರೂ ಕೊಲ್ಲಲಿಲ್ಲ

ಪತ್ತೇದಾರಿ ಕಾದಂಬರಿ ಅಂದಮೇಲೆ ಓದುವವರ ತಲೆ ಕೆಡಬೇಕು, ಬರೆಯುವವನ ತಲೆ ನೆಟ್ಟಗಿರಬೇಕು. ನನ್ನ ವಿಷಯದಲ್ಲಿ ಯಾವತ್ತೂ ಓದುವವರ ತಲೆ ನೆಟ್ಟಗೇ ಇರುತ್ತದೆ, ಕೆಡುವುದು ನನ್ನದು. ಅದೂ ಅಪರೂಪಕ್ಕಲ್ಲ, ವಾರವಾರ.

ನಾನು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕಿಂಡಿಯ ಹಿಂದೆ ಕೂತು, ಬಂದ ಬಸ್ಸಿನ ನಂಬರು ಬರೆದುಕೊಂಡು, ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಅಂತ ಕೂಗುವವನು. ಬಸ್ಸಿಲ್ಲದ ಹೊತ್ತಿನಲ್ಲಿ ಹಳೇ ಚಾರ್ಟಿನ ಹಿಂಬದಿಯಲ್ಲಿ ಕೊಲೆ ಬರೆಯುತ್ತೇನೆ. ಚಿತ್ರದುರ್ಗದಿಂದ ಹೊರಡುವ ಒಂದು ವಾರಪತ್ರಿಕೆಯಲ್ಲಿ ಹದಿನೆಂಟು ವರ್ಷದಿಂದ ನನ್ನ ಧಾರಾವಾಹಿಗಳು ಬರುತ್ತಿವೆ. ಸಂಪಾದಕ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವನು, ಆ ಸಲಿಗೆಯಿಂದ ಹಾಕುತ್ತಾನೆ. ಇಷ್ಟು ವರ್ಷ ಬರೆದರೂ ಒಂದೂ ಪುಸ್ತಕವಾಗಿರಲಿಲ್ಲ. ಈ ಸಲದ ಧಾರಾವಾಹಿ ಶುರುವಾಗಿ ಹತ್ತು ವಾರಕ್ಕೆ ಅವನೇ ಫೋನ್ ಮಾಡಿ, "ಲೇ, ಇದು ಚೆನ್ನಾಗಿ ಓಡ್ತಾ ಐತೆ. ಕೊನೆ ಒಂದು ನೆಟ್ಟಗೆ ಬಂದ್ರೆ ಪುಸ್ತಕ ಮಾಡಾಣ" ಅಂದ. ಆವತ್ತಿನಿಂದ ನನಗೆ ಅದೊಂದೇ ಆಸೆ. ತಾಳ್ಯದಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮವ್ವನ ಕೈಗೆ ನನ್ನ ಹೆಸರಿರುವ ಒಂದು ಪುಸ್ತಕ ಕೊಡಬೇಕು. ಅವಳಿಗೆ ಓದು ಬರುವುದಿಲ್ಲ, ಆದರೂ ಹಿಡಿದುಕೊಳ್ಳಲಿ.

ಕಥೆ ಇಷ್ಟೇ. ಹೊಸದುರ್ಗದ ಒಬ್ಬ ಕೊಬ್ಬರಿ ವ್ಯಾಪಾರಿ ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಹಿರಿಯೂರು ಬಸ್ಸು ಹತ್ತಿ ಹದಿನಾಲ್ಕನೇ ಸೀಟಿನಲ್ಲಿ ಕೂರುತ್ತಾನೆ. ಹಿರಿಯೂರಿನಲ್ಲಿ ಎಲ್ಲರೂ ಇಳಿಯುತ್ತಾರೆ, ಅವನು ಇಳಿಯುವುದಿಲ್ಲ. ವಿಷ. ಅನುಮಾನ ನಾಲ್ವರ ಮೇಲೆ: ಟಿಕೆಟ್ ಕೊಟ್ಟ ಕಂಡಕ್ಟರ್, ಟೀ ಕೊಟ್ಟ ಅಂಗಡಿಯವನು, ಆಸ್ತಿಗಾಗಿ ಜಗಳವಾಡಿದ್ದ ತಮ್ಮ, ಬುತ್ತಿ ಕಟ್ಟಿಕೊಟ್ಟ ಹೆಂಡತಿ.

ಕೊಂದವರು ಯಾರು ಅಂತ ಮೊದಲೇ ಗೊತ್ತುಮಾಡಿಕೊಂಡು ಬರೆಯುವ ಅಭ್ಯಾಸ ನನಗಿಲ್ಲ. ಎಲ್ಲರ ಮೇಲೂ ಸಮನಾಗಿ ಅನುಮಾನ ಹಾಕುತ್ತಾ ಹೋಗುವುದು, ಕೊನೆಯಲ್ಲಿ ಯಾರು ಅನುಕೂಲವೋ ಅವರನ್ನು ಹಿಡಿದು ಒಳಗೆ ಹಾಕುವುದು. ಹದಿನೆಂಟು ವರ್ಷ ಇದರಿಂದ ಏನೂ ತೊಂದರೆಯಾಗಿರಲಿಲ್ಲ.

ಮೂರೂ ಇಪ್ಪತ್ತರ ಹರಿಯಬ್ಬೆ ಬಸ್ಸು

ಐದನೇ ಕಂತಿನಲ್ಲಿ ವ್ಯಾಪಾರಿಯ ತಮ್ಮ ಹಿರಿಯೂರಿನಿಂದ ತಲೆತಪ್ಪಿಸಿಕೊಂಡು ಹೋಗಬೇಕಿತ್ತು. ಸುಮ್ಮನೆ, "ಮೂರೂ ಇಪ್ಪತ್ತರ ಹರಿಯಬ್ಬೆ ಬಸ್ಸು ಹತ್ತಿ ಮಾಯವಾದ" ಅಂತ ಬರೆದೆ. ಆ ಹೊತ್ತಿಗೆ ಹರಿಯಬ್ಬೆಗೆ ಬಸ್ಸೇ ಇಲ್ಲ. ಕಥೆಯಲ್ಲವೇ, ಇರಲಿ ಅಂದುಕೊಂಡೆ.

ಸೋಮವಾರ ಮೂರು ಗಂಟೆಗೆ ಹರಿಯಬ್ಬೆ ಕಡೆಯ ಎಂಟು ಜನ ಬಂದು ಸಾಲಾಗಿ ಕೂತರು. ಅವರಲ್ಲಿ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಅಜ್ಜ, ಕಂಕುಳಲ್ಲಿ ಒಂದು ಮರಿ. ಮೂರೂವರೆಗೆ ಅಜ್ಜ ಕಿಂಡಿಯ ಹತ್ತಿರ ಬಂದ.

"ಸ್ವಾಮಿ, ಮೂರೂ ಇಪ್ಪತ್ತರದ್ದು ಇನ್ನೂ ಬರ್ಲಿಲ್ಲ."

"ಅಜ್ಜ, ಆ ಟೈಮಿಗೆ ಬಸ್ಸಿಲ್ಲ. ಐದಕ್ಕೆ ಐತೆ."

"ಪೇಪರ್‌ನಾಗೆ ಬಂದೈತಂತಲ್ಲ. ನನ್ ಮೊಮ್ಮಗ ಓದಿ ಹೇಳ್ದ."

"ಅದು ಕಥೆ ಅಜ್ಜ. ಸುಳ್ಳು."

"ಬರೆದೋರು ಯಾರು?"

"ನಾನೇ."

"ನೀವು ಕಂಟ್ರೋಲರ್ ತಾನೆ?"

"ಹೌದು."

ಅಜ್ಜ ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. "ಮತ್ತೆ ಬಸ್ಸಿನ ವಿಷ್ಯದಾಗೆ ಸುಳ್ಳು ಬರೀತೀರಾ? ಕೊಲೆ ಬೇಕಾದ್ರೆ ಸುಳ್ಳು ಅಂತ ಒಪ್ಕಂತೀನಿ" ಅಂದ.

ಮೂರು ವಾರ ಇದೇ ಕಥೆ. ಕೊನೆಗೆ ಊರಿನವರೆಲ್ಲ ಸಹಿ ಹಾಕಿ, "ನಿಂತುಹೋಗಿರುವ ಮೂರೂ ಇಪ್ಪತ್ತರ ಬಸ್ಸನ್ನು ಪುನಃ ಬಿಡಬೇಕು" ಅಂತ ಮೇಲಿನ ಆಫೀಸಿಗೆ ಅರ್ಜಿ ಕೊಟ್ಟರು. ಯಾವತ್ತೂ ಇಲ್ಲದ ಬಸ್ಸು ಯಾವಾಗ ನಿಂತಿತು, ಯಾಕೆ ನಿಲ್ಲಿಸಿದಿರಿ ಅಂತ ಆಫೀಸಿನಿಂದ ನನಗೆ ಮೆಮೋ ಬಂತು. ಏನು ಉತ್ತರ ಬರೆಯುವುದು ಅಂತ ಯೋಚಿಸುತ್ತಿದ್ದಾಗಲೇ ಬಸ್ಸು ಶುರುವಾಯಿತು. ಈಗಲೂ ಓಡುತ್ತಿದೆ. ಮೊದಲ ದಿನ ಅಜ್ಜ ಹತ್ತುವ ಮುಂಚೆ ಒಳಗೆಲ್ಲ ಒಂದು ಸಲ ಇಣುಕಿ, "ಆ ತಮ್ಮ ಇದ್ರಾಗೆ ಇಲ್ಲ ತಾನೆ?" ಅಂತ ನನ್ನನ್ನೇ ಕೇಳಿದ.

ಟಿಕೆಟ್ ಕಚ್ಚುವವರು

ವ್ಯಾಪಾರಿಗೆ ಒಂದು ಅಭ್ಯಾಸ ಇಟ್ಟಿದ್ದೆ. ಎರಡು ಕೈಯಲ್ಲೂ ಚೀಲ, ಹಾಗಾಗಿ ಟಿಕೆಟ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂರುವುದು. ನಮ್ಮ ಕಡೆ ಅರ್ಧ ಜನ ಹಾಗೇ ಮಾಡುತ್ತಾರೆ. ಅದಕ್ಕೇ ಏಳನೇ ಕಂತಿನಲ್ಲಿ ಇನ್‌ಸ್ಪೆಕ್ಟರ್ ಕೈಲಿ, "ಟಿಕೆಟ್ಟಿಗೇ ಯಾಕೆ ವಿಷ ಸವರಿರಬಾರದು?" ಅಂತ ಕೇಳಿಸಿದೆ. ಬರೆದಾಗ ನನಗೇ ಮೈ ಜುಮ್ಮೆಂದಿತ್ತು.

ನಾಲ್ಕು ದಿನಕ್ಕೆ ಹೊಸದುರ್ಗ ರೂಟಿನ ಕಂಡಕ್ಟರ್ ಬಂದು ನನ್ನ ಮುಂದೆ ಸುಸ್ತಾಗಿ ಕೂತ.

"ಸರ್, ಟಿಕೆಟ್ ಕೊಟ್ರೆ ಎರಡು ಬೆರಳಲ್ಲಿ ಹಿಡ್ಕಂತಾರೆ. ಮೂಸಿ ನೋಡ್ತಾರೆ. ಒಬ್ಬ ಯಪ್ಪ ನೀನೇ ಮೊದ್ಲು ಕಚ್ಚಿ ತೋರ್ಸು ಅಂದ. ಹದಿನಾಲ್ಕನೇ ಸೀಟಿಗಂತೂ ಯಾರೂ ಕೂರಲ್ಲ, ಹೊಸದುರ್ಗದಿಂದ ನಿಂತ್ಕಂಡೇ ಬರ್ತಾರೆ. ನನ್ನ ಏನಾದ್ರೂ ಮಾಡಿ ಬಿಟ್ಬಿಡ್ರಿ ಸರ್."

ಒಳ್ಳೇ ಹುಡುಗ. ಪಾಪ ಅನ್ನಿಸಿತು. ಮುಂದಿನ ಕಂತಿನಲ್ಲಿ ಟಿಕೆಟ್ಟನ್ನು ಲ್ಯಾಬಿಗೆ ಕಳಿಸಿ, ಬರೀ ಕಾಗದ ಅಂತ ವರದಿ ತರಿಸಿ, ಕಂಡಕ್ಟರನ್ನು ನಿರಪರಾಧಿ ಮಾಡಿದೆ. ಒಂದು ವಾರ ಬಿಟ್ಟು, ಈಗ ಹೇಗಿದೆ ಅಂತ ಕೇಳಿದೆ.

"ಪರವಾಗಿಲ್ಲ ಸರ್. ನಿನ್ನೆ ಒಬ್ಬ ಅಜ್ಜಿ, ನೀನು ಒಳ್ಳೇನಂತೆ ಕಣಪ್ಪ, ಓದುದ್ರು ಅಂತು. ಆದ್ರೂ ಟಿಕೆಟ್ ನೀನೇ ಇಟ್ಕಳಪ್ಪ ಅಂತು."

ಎಂಜಲು ಮತ್ತು ವಿಷ

ನಾಲ್ವರಲ್ಲಿ ಒಬ್ಬ ಹೋದ, ಮೂವರಿದ್ದಾರಲ್ಲ ಅಂತ ಧೈರ್ಯವಾಗಿದ್ದೆ. ಅನುಮಾನವನ್ನು ಟೀ ಅಂಗಡಿಯವನ ಕಡೆ ತಿರುಗಿಸಿದೆ. ಕಥೆಯಲ್ಲಿ ಅವನ ಅಂಗಡಿ ಇರುವುದು ಹೊಸದುರ್ಗದಲ್ಲಿ. ನಮ್ಮ ಹಿರಿಯೂರು ಸ್ಟ್ಯಾಂಡಿನ ಟೀ ಅಂಗಡಿಯವನಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅವನು ನನ್ನ ಕಿಂಡಿಯ ಎದುರಿಗೇ ಇರುವುದರಿಂದ, ಇವನನ್ನೇ ನೋಡಿಕೊಂಡು ಬರೆದಿದ್ದಾರೆ ಅಂತ ಜನ ತೀರ್ಮಾನ ಮಾಡಿಬಿಟ್ಟರು.

ಅವನು ಬುದ್ಧಿವಂತ. ವಿಷವಿಲ್ಲ ಅಂತ ತೋರಿಸಲು, ಗಿರಾಕಿಗೆ ಕೊಡುವ ಮುಂಚೆ ಪ್ರತಿ ಲೋಟದಿಂದಲೂ ಒಂದೊಂದು ಗುಟುಕು ತಾನೇ ಕುಡಿದು ಕೊಡಲು ಶುರುಮಾಡಿದ. ಎರಡನೇ ದಿನಕ್ಕೆ ಅಂಗಡಿ ಖಾಲಿ ಹೊಡೆಯಿತು. ಮೂರನೇ ದಿನ ನನ್ನ ಟೀ ತಂದಿಟ್ಟು, ಅಲ್ಲೇ ನಿಂತ.

"ಕುಡುದು ಕೊಟ್ರೆ ಎಂಜಲು ಅಂತಾರೆ, ಕುಡೀದೆ ಕೊಟ್ರೆ ವಿಷ ಅಂತಾರೆ. ನೀವೇ ಹೇಳ್ರಿ ಸರ್, ನಾನೇನು ಮಾಡ್ಲಿ?"

ಎದುರಿಗಿದ್ದ ನನ್ನ ಲೋಟವೂ ಸ್ವಲ್ಪ ಕಮ್ಮಿ ಇದ್ದಹಾಗೆ ಕಂಡಿತು, ಕೇಳಲು ಮನಸ್ಸು ಬರಲಿಲ್ಲ. ಆ ವಾರವೇ ಅವನನ್ನು ಖುಲಾಸೆ ಮಾಡಿದೆ. ಕಂತಿನ ಜೊತೆ ಸಂಪಾದಕ ಟೀ ಅಂಗಡಿಯವನದೊಂದು ಚಿತ್ರವನ್ನೂ ಹಾಕಿಸಿದ್ದ. ನಮ್ಮವನು ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಗಲ್ಲಾದ ಮೇಲೆ ನೇತುಹಾಕಿ, ಖುಷಿಗೆ ಒಂದು ಹೂವಿನ ಹಾರವನ್ನೂ ಹಾಕಿದ. ಒಂದು ತಿಂಗಳು ಬಂದವರೆಲ್ಲ ಫೋಟೋ ನೋಡಿ, ಅವನ ಮುಖ ನೋಡಿ, "ಅಣ್ಣ ತೀರ್ಕಂಡ್ರಾ?" ಅಂತ ಮೆತ್ತಗೆ ಕೇಳುತ್ತಿದ್ದರು.

ಬೀಗರ ಸಂಶಯ

ಉಳಿದವರು ಇಬ್ಬರು. ತಮ್ಮನನ್ನೇ ಹಿಡಿದುಬಿಡೋಣ ಅಂತ ಗಟ್ಟಿ ಮಾಡಿಕೊಂಡೆ. ಆಸ್ತಿ ಜಗಳ ಇದೆ, ತಲೆತಪ್ಪಿಸಿಕೊಂಡು ಹೋಗಿದ್ದಾನೆ, ಇನ್ನೇನು ಬೇಕು? ಗುರುತಿಗಿರಲಿ ಅಂತ ಅವನಿಗೆ ಒಂದು ಕಟ್ಟಿಸಿದ ಹಲ್ಲು, ಹಸಿರು ಟವೆಲ್ಲು, ಹೊಸದುರ್ಗದಲ್ಲಿ ಒಂದು ಕೊಬ್ಬರಿ ಮಂಡಿ ಕೊಟ್ಟಿದ್ದೆ.

ಒಂದು ಮಧ್ಯಾಹ್ನ ಕಿಂಡಿಯ ಮುಂದೆ ಒಬ್ಬರು ಬಂದು ನಿಂತರು. ಹಲ್ಲು ಕಟ್ಟಿಸಿದ್ದರು. ಹೆಗಲ ಮೇಲೆ ಹಸಿರು ಟವೆಲ್ಲು. ಎಲ್ಲಿಂದ ಬಂದಿರಿ ಅಂದೆ. ಹೊಸದುರ್ಗ ಅಂದರು. ಏನು ಮಾಡಿಕೊಂಡಿದ್ದೀರಿ ಅಂತ ಕೇಳಲು ಹೆದರಿಕೆಯಾಯಿತು. ಅವರೇ ಹೇಳಿದರು, ಕೊಬ್ಬರಿ ಮಂಡಿ.

ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ಕೈಮುಗಿದರು. "ನನ್ನ ಮಗಳಿಗೆ ಚಿಕ್ಕಜಾಜೂರಿನ ಸಂಬಂಧ ಬಂದೈತೆ. ಹುಡುಗ ರೈಲ್ವೇದಾಗವ್ನೆ. ಎಲ್ಲಾ ಒಪ್ಪಿದ್ರು. ಈಗ ಹುಡುಗನ ತಾಯಿ, ಕಥೆ ಮುಗೀಲಿ, ಆಮೇಲೆ ಮಾತಾಡಾಣ ಅಂತಾರೆ."

"ಅದು ನೀವಲ್ಲ ಅಂತ ಹೇಳ್ರಿ."

"ಹೇಳ್ದೆ. ಅಲ್ಲ ಅಂತ ಪೇಪರ್‌ನಾಗೆ ಬರ್ಲಿ ಅಂದ್ರು."

ಒಂದು ಮದುವೆ ನನ್ನಿಂದ ನಿಲ್ಲಬಾರದು. ಪುಸ್ತಕ ಒಂದು ಕಡೆ, ಆ ಹುಡುಗಿ ಒಂದು ಕಡೆ. ಮಾರನೇ ದಿನ ಬೆಳಿಗ್ಗೆ ಎದ್ದವನೇ ಬರೆದೆ: ಕೊಲೆಯಾದ ದಿನ ತಮ್ಮ ಹೊಸದುರ್ಗದಲ್ಲೇ ಇರಲಿಲ್ಲ, ಕಾಲು ಮುರಿದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿದ್ದ, ತಪ್ಪಿಸಿಕೊಂಡು ಹೋದದ್ದು ಬೇರೆ ಯಾರೋ. ನರ್ಸಿನ ಸಾಕ್ಷಿಯನ್ನೂ ಹಾಕಿದೆ. ಇನ್ನು ಯಾವ ಬೀಗರೂ ಬಾಯಿ ತೆರೆಯುವಂತಿಲ್ಲ.

ಭಾನುವಾರ ಪತ್ರಿಕೆ ಬಂತು. ಸೋಮವಾರ ಅದೇ ಹಸಿರು ಟವೆಲ್ಲಿನವರ ಫೋನು. "ಸರ್, ಕೊಲೆ ವಿಷ್ಯ ಸರಿಹೋಯ್ತು. ಈಗ ಬೀಗರು, ಕಾಲು ಯಾವಾಗ ಮುರೀತು, ನಮಗ್ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾ ಅವ್ರೆ."

ಮುಂದಿನ ವಾರ ಕಾಲು ಪೂರ್ತಿ ಕೂಡಿಕೊಂಡಿದೆ ಅಂತ ಡಾಕ್ಟರ ಕೈಲಿ ಹೇಳಿಸಿದೆ. ಮದುವೆಯಾಯಿತು. ನಾನೂ ಹೋಗಿದ್ದೆ. ಹುಡುಗನ ತಾಯಿ ಊಟದ ಸಾಲಿನಲ್ಲಿ ಬೀಗರ ನಡಿಗೆಯನ್ನೇ ನೋಡುತ್ತಿದ್ದರು.

ಶೇಂಗಾ ಸಿಪ್ಪೆ

ಈಗ ಉಳಿದವಳು ಹೆಂಡತಿ ಒಬ್ಬಳೇ. ಬೇರೆ ದಾರಿಯೇ ಇಲ್ಲ, ಇವಳೇ ಕೊಲೆಗಾತಿ ಅಂತ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ. ನಿರಾಳವಾಯಿತು. ಸಂಪಾದಕನಿಗೂ ಇನ್ನು ಮೂರು ಕಂತು ಅಂತ ಹೇಳಿದೆ.

ತಾಳ್ಯದಲ್ಲಿ ಭಾನುವಾರ ಪತ್ರಿಕೆ ಬಂದ ಕೂಡಲೇ ನಮ್ಮ ಅತ್ತಿಗೆ ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾಳೆ. ಅವ್ವ ಕೇಳುತ್ತಾಳೆ. ಅಕ್ಕಪಕ್ಕದ ಏಳೆಂಟು ಹೆಂಗಸರೂ ಬರುತ್ತಾರೆ. ಹೆಂಡತಿಯ ಮೇಲೆ ಅನುಮಾನ ತಿರುಗಿದ ಭಾನುವಾರ ಹನ್ನೊಂದು ಗಂಟೆಗೆ ಅವ್ವ ಫೋನ್ ಮಾಡಿಸಿದಳು.

"ಏನಪ್ಪ, ಆ ಹೆಣ್ಮಗಳ ತಂಟೆಗ್ಯಾಕೆ ಹೋದೆ?"

"ಅವ್ವ, ಬುತ್ತಿ ಕಟ್ಟಿಕೊಟ್ಟೋಳು ಅವಳೇ ಅಲ್ವಾ? ಬುತ್ತೀಲಿ ವಿಷ ಹಾಕವ್ಳೆ."

"ಬುತ್ತೀಲಿ ಏನೇನಿತ್ತು ಅಂತ ಬರ್ದಿದ್ದೆ?"

"ರೊಟ್ಟಿ. ಶೇಂಗಾ ಚಟ್ನಿ."

"ಶೇಂಗಾ ಹುರುದು, ಸಿಪ್ಪೆ ತೆಗೆದು, ಮೊರದಾಗೆ ಕೇರಿ, ಕುಟ್ಟಿ ಚಟ್ನಿ ಮಾಡ್ಬೇಕು. ಗಂಡ ಸಾಯ್ಲಿ ಅನ್ನೋಳು ಬೆಳಗಾಗೆದ್ದು ಅಷ್ಟೊತ್ತು ಕುಂತು ಶೇಂಗಾ ಸಿಪ್ಪೆ ತೆಗೀತಾಳೇನೋ? ನಿನ್ನೆ ಉಳಿದ ಪಲ್ಯ ಹಾಕಿ ಕಳಿಸ್ತಾಳೆ."

ಹಿಂದಿನಿಂದ ಏಳೆಂಟು ಹೆಂಗಸರು ಹೂಂ ಅಂದದ್ದು ಕೇಳಿಸಿತು. ಹದಿನೆಂಟು ವರ್ಷದಲ್ಲಿ ನನ್ನ ಯಾವ ಇನ್‌ಸ್ಪೆಕ್ಟರಿಗೂ ಇಂಥ ತರ್ಕ ಹೊಳೆದಿರಲಿಲ್ಲ. ನಾನು ಸೋತೆ. ಮುಂದಿನ ಕಂತಿನಲ್ಲಿ ಇನ್‌ಸ್ಪೆಕ್ಟರು ಬುತ್ತಿಯನ್ನು ದಿಟ್ಟಿಸಿ ನೋಡಿ, ಅವ್ವ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿ ಹೆಂಡತಿಯನ್ನು ಬಿಟ್ಟುಬಿಟ್ಟರು. ಪೊಲೀಸ್ ಇಲಾಖೆಯಲ್ಲಿದ್ದು ರಿಟೈರ್ ಆದ ಒಬ್ಬರು, ಕಥೆ ಶುರುವಾದ ಮೇಲೆ ಮೊದಲ ಸಲ ತನಿಖೆ ಸರಿಯಾಗಿ ನಡೆದಿದೆ ಅಂತ ಪತ್ರ ಬರೆದಿದ್ದರು.

ಕಂಟ್ರೋಲರ್

ಸಂಪಾದಕ ಫೋನ್ ಮಾಡಿದ. "ಲೇ, ಪ್ರೆಸ್ಸಿನವನು ಕಾಯ್ತಾ ಅವ್ನೆ. ಶುಕ್ರವಾರಕ್ಕೆ ಕೊನೇ ಕಂತು ಬೇಕು. ಬರ್ಲಿಲ್ಲ ಅಂದ್ರೆ ಪುಸ್ತಕ ಮರೆತುಬಿಡು. ಅಂದಂಗೆ ಯಾರು ಕೊಂದದ್ದು?"

"ಅದೇ ನೋಡ್ತಾ ಇದೀನಿ."

"ನೋಡ್ತಾ ಇದೀಯಾ? ಬರೀತಿರೋನು ನೀನಾ ನಾನಾ?"

ಚಾರ್ಟಿನ ಹಿಂದೆ ಹೆಸರುಗಳನ್ನು ಬರೆದು ನೋಡಿದೆ. ಕಂಡಕ್ಟರ್, ಖುಲಾಸೆ. ಟೀ ಅಂಗಡಿಯವನು, ಖುಲಾಸೆ. ತಮ್ಮ, ಹೆಂಡತಿ, ಇಬ್ಬರೂ ಖುಲಾಸೆ. ವ್ಯಾಪಾರಿ ಸತ್ತೇ ಇಲ್ಲ ಅನ್ನೋಣವೆಂದರೆ ಮೂರನೇ ಕಂತಿನಲ್ಲೇ ಪೋಸ್ಟ್‌ಮಾರ್ಟಂ ಮಾಡಿಸಿಬಿಟ್ಟಿದ್ದೆ. ಅಷ್ಟರಲ್ಲಿ ಮೈಕಿನಲ್ಲಿ ಹೊಳಲ್ಕೆರೆ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ, ಐದು ನಿಮಿಷದಲ್ಲಿ ಹೊರಡುತ್ತದೆ ಅಂತ ಎರಡು ಸಲ ಕೂಗಿದೆ. ಕೂಗಿ ಬಾಯಿ ಮುಚ್ಚುವಷ್ಟರಲ್ಲಿ, ಸ್ಪೀಕರಿನ ಕೆಳಗೇ ನಿಂತಿದ್ದ ಒಬ್ಬರು ಕಿಂಡಿಗೆ ಮುಖ ತಂದು, "ಸರ್, ಹೊಳಲ್ಕೆರೆ ಬಸ್ಸು ಎಷ್ಟೊತ್ತಿಗೆ?" ಅಂದರು.

ಆಗ ಹೊಳೆಯಿತು. ಕೊಂದವನು ಹೊಸದುರ್ಗ ಸ್ಟ್ಯಾಂಡಿನ ಕಂಟ್ರೋಲರ್. ವ್ಯಾಪಾರಿ ವರ್ಷಗಟ್ಟಲೆ ದಿನಾ ಬೆಳಿಗ್ಗೆ, ಮೈಕಿನಲ್ಲಿ ಕೂಗಿದ ಮೇಲೆ ಬಂದು, ಬಸ್ಸು ಎಷ್ಟೊತ್ತಿಗೆ ಅಂತ ಕೇಳುತ್ತಿದ್ದ. ಒಂದು ದಿನ ಇವನು ತಡೆದುಕೊಳ್ಳಲಿಲ್ಲ. ಎರಡು ತಾಸಿನಲ್ಲಿ ಬರೆದು ಮುಗಿಸಿದೆ. ಅಷ್ಟು ಮನಸ್ಸಿಟ್ಟು ನಾನು ಯಾವತ್ತೂ ಬರೆದಿರಲಿಲ್ಲ. ಸಂಪಾದಕ ಓದಿ, "ಅದ್ಭುತ ಕಣಲೇ. ಯಾರಿಗೂ ಅನುಮಾನ ಬರಲ್ಲ" ಅಂದ. ನನಗೇ ಬಂದಿರಲಿಲ್ಲವಲ್ಲ.

ಪತ್ರಿಕೆ ಬಂದ ಮಾರನೇ ದಿನ ಸ್ಟ್ಯಾಂಡು ಎಂದಿನಂತೆ ತುಂಬಿತ್ತು, ಆದರೆ ಕಿಂಡಿಯ ಹತ್ತಿರ ಯಾರೂ ಸುಳಿಯಲಿಲ್ಲ. ಜನ ದೂರ ನಿಂತು ಬೋರ್ಡು ಓದಿಕೊಂಡು ತಾವೇ ಬಸ್ಸು ಹತ್ತಿದರು. ಆ ದಿನವಿಡೀ ಒಬ್ಬರೂ ನನ್ನನ್ನು ಬಸ್ಸು ಎಷ್ಟೊತ್ತಿಗೆ ಅಂತ ಕೇಳಲಿಲ್ಲ. ಸರ್ವೀಸಿನಲ್ಲಿ ಅಷ್ಟು ನೆಮ್ಮದಿಯ ದಿನ ನನಗೆ ಇನ್ನೊಂದಿಲ್ಲ.

ಐದು ವಡೆ

ನೆಮ್ಮದಿ ಬುಧವಾರದ ತನಕ. ಬುಧವಾರ ಸಂಪಾದಕನ ಫೋನು. ಅವನ ದನಿ ಒಂಥರಾ ಇತ್ತು.

"ತಾಳ್ಯದಿಂದ ಪತ್ರ ಬಂದೈತೆ. ಇಪ್ಪತ್ತಾರು ಜನ ಸಹಿ ಹಾಕವ್ರೆ. ಮೊದಲನೇದು ನಿಮ್ಮವ್ವನ ಹೆಬ್ಬೆಟ್ಟು. ಓದ್ತೀನಿ, ಕೇಳು."

ಪತ್ರ ಅತ್ತಿಗೆಯ ಕೈಬರಹ, ಮಾತು ಅವ್ವನದು. ಅದರಲ್ಲಿ ಹೀಗಿತ್ತು: "ಪೇಪರಿನವರಿಗೆ ನಮಸ್ಕಾರ. ಕಂಟ್ರೋಲರ್ ಕೊಂದ ಅಂತ ಹಾಕಿದೀರಿ. ಕಂಟ್ರೋಲರ್ ಅಂದ್ರೆ ನನ್ ಮಗ. ಕೊಲೆ ಆಗಿದ್ದು ಮಾಲಯ ಅಮಾಸೆ ದಿನ ಅಂತ ನೀವೇ ಮೊದಲನೇ ಕಂತಿನಾಗೆ ಹಾಕಿದೀರಿ. ಆ ದಿನ ನಮ್ಮನೇಲಿ ಹಿರೇರ ಹಬ್ಬ. ನನ್ ಮಗ ಬೆಳಿಗ್ಗೇನೆ ಬಂದಿದ್ದ. ಅವರಪ್ಪಗೆ ಎಡೆ ಇಟ್ಟ, ಕೈಮುಗುದ, ಐದು ವಡೆ ತಿಂದ. ಊರೋರೆಲ್ಲ ನೋಡವ್ರೆ. ದೇವಿ ಹತ್ರ ಹೂವನ್ನೂ ಕೇಳಿದೀನಿ, ಬಲಗಡೆ ಕೊಟ್ಟಾಳೆ. ನನ್ ಮಗ ಕೊಂದಿಲ್ಲ."

ಪತ್ರವನ್ನು ಇನ್ನೊಂದು ಸಲ ಓದಿಸಿಕೊಂಡೆ. ಅದು ಕಥೆ ಅಂತ ಅವಳಿಗೆ ಯಾರೂ ಹೇಳಲಾರರು, ಅದು ಬೇರೆ ಮಾತು. ನಾನು ಮತ್ತೆ ಓದಿಸಿದ್ದು ಅದಕ್ಕಲ್ಲ. ಆ ಅಮಾವಾಸ್ಯೆಗೆ ನಾನು ಊರಿಗೇ ಹೋಗಿರಲಿಲ್ಲ. ರಜೆ ಸಿಕ್ಕಿರಲಿಲ್ಲ. ಡ್ಯೂಟಿ ಮಾಡುತ್ತಾ ಇದೇ ಕಿಂಡಿಯ ಹಿಂದೆ ಕೂತು ಹದಿನಾಲ್ಕನೇ ಸೀಟಿನ ಮೊದಲನೇ ಕಂತು ಬರೆಯುತ್ತಿದ್ದೆ. ಅಪ್ಪನ ಎಡೆಗೆ ಬರಲಿಲ್ಲ ಅಂತ ಅವ್ವ ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದಳು. ಊರೋರೆಲ್ಲ ಅದನ್ನೂ ಬಲ್ಲರು. ಆ ಇಪ್ಪತ್ತಾರು ಜನವೂ ಬಲ್ಲರು.

"ಈಗೇನು ಮಾಡಾಣ?" ಅಂತ ಸಂಪಾದಕನನ್ನು ಕೇಳಿದೆ.

"ಏನು ಮಾಡೋದು? ಇಪ್ಪತ್ತಾರು ಸಾಕ್ಷಿ, ಮೇಲೆ ದೇವರ ಹೂವು. ಯಾವ ಕೋರ್ಟಿಗೆ ಹೋದ್ರೂ ನಿನ್ನ ಬಿಡ್ತಾರೆ. ಪತ್ರನೇ ಕೊನೇ ಅಧ್ಯಾಯ ಮಾಡಿ ಪುಸ್ತಕ ತರ್ತೀನಿ, ಹೆಬ್ಬೆಟ್ಟಿನ ಸಮೇತ" ಅಂದ.

ಹಾಗೇ ತಂದ. ಮೊದಲ ಪ್ರತಿ ತಗೊಂಡು ತಾಳ್ಯಕ್ಕೆ ಹೋದೆ. ಅವ್ವ ಪುಸ್ತಕ ಹಿಡಿದುಕೊಂಡು, ಮುಂದಿನಿಂದ ಒಂದು ಹಾಳೆಯನ್ನೂ ತೆಗೆಯದೆ, ಕೊನೆಯ ಪುಟ ತೆಗೆಸಿಕೊಂಡು ತನ್ನ ಹೆಬ್ಬೆಟ್ಟಿನ ಮೇಲೆ ಹೆಬ್ಬೆಟ್ಟು ಇಟ್ಟು ನೋಡಿದಳು. ಸರಿಯಾಗಿದೆ ಅನ್ನಿಸಿತೇನೋ, ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಅವ್ವ, ಆ ಅಮಾಸೆಗೆ ನಾನು ಬಂದಿರ್ಲಿಲ್ಲವಲ್ಲ" ಅಂದೆ.

"ಬಂದಿದ್ದೆ" ಅಂದಳು.

"ಇಲ್ಲವ್ವ, ಡ್ಯೂಟಿ ಇತ್ತು."

"ಇಪ್ಪತ್ತಾರು ಜನ ನೋಡವ್ರೆ. ನಿಂಗೊಬ್ಬಂಗೆ ಗೊತ್ತಿಲ್ವಾ?"

ಅತ್ತಿಗೆಯ ಮುಖ ನೋಡಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ಅಣ್ಣನನ್ನು ನೋಡಿದೆ. "ಬಂದಿದ್ದಲ್ಲೋ" ಅಂದ. ಪಕ್ಕದ ಮನೆಯ ಚಿಕ್ಕಮ್ಮ ನಾನು ತೊಟ್ಟಿದ್ದ ಅಂಗಿಯ ಬಣ್ಣ ಹೇಳಿದಳು. ಈಗ ಹದಿನಾಲ್ಕನೇ ಸೀಟಿನವನನ್ನು ಕೊಂದವರು ಯಾರು ಅಂತ ಜನ ಕೇಳಿದರೆ ನನಗೆ ಗೊತ್ತಿಲ್ಲ ಅನ್ನುತ್ತೇನೆ, ನಿಜಕ್ಕೂ ಗೊತ್ತಿಲ್ಲ. ಆದರೆ ಕೊಲೆಯಾದ ದಿನ ನಾನು ಎಲ್ಲಿದ್ದೆ ಅಂತ ಕೇಳಿದರೆ ಮಾತ್ರ ಅನುಮಾನವಿಲ್ಲ. ತಾಳ್ಯದಲ್ಲಿದ್ದೆ. ವಡೆಗೆ ಸ್ವಲ್ಪ ಉಪ್ಪು ಕಮ್ಮಿಯಾಗಿತ್ತು.